ಶನಿಯ ಕಡೆಗೆ ಹೊರಟ ಎಮ್ಮೆ

ಮಲ್ಕಾಜ್‌ಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಮುಂದೆ ಪಡಸಾಲೆ, ನಡುವೆ ದೇವರ ಖೋಲಿ, ಅದರ ಹಿಂದೆ ಅಡುಗೆಮನೆ, ಆಮೇಲೆ ಅಂಗಳ. ಅಂಗಳದ ಒಂದು ಮೂಲೆಗೆ ಬಚ್ಚಲು, ಇನ್ನೊಂದು ಮೂಲೆಗೆ ಹಿಂದಿನ ಖೋಲಿ. ಯಾವ ಕಾಲದಲ್ಲೋ ಕಟ್ಟಿಗೆ, ಇದ್ದಲಿ ತುಂಬಿಡಲು ಕಟ್ಟಿಸಿದ್ದಂತೆ. ನಾವಿದ್ದಾಗಲೂ ಗೋಡೆಗೆ ಬೆನ್ನು ಆನಿಸಿದರೆ ಕಪ್ಪು ಹತ್ತುತ್ತಿತ್ತು. ಒಳಗೆ ಒಂದು ಚಾಪೆ, ಒಂದು ತಂಬಿಗೆ, ಸರಳು ಹಾಕಿದ ಒಂದು ಕಿಟಕಿ. ಮನೆಯ ಹೆಂಗಸರು ತಿಂಗಳಿಗೊಮ್ಮೆ ಮೂರು ದಿನ ಅಲ್ಲಿ ಹೊರಗೆ ಕೂಡಬೇಕು. ಯಾರನ್ನೂ ಮುಟ್ಟುವ ಹಾಗಿಲ್ಲ, ಪುಸ್ತಕ ಹಿಡಿಯುವ ಹಾಗಿಲ್ಲ, ಅಂಗಳ ದಾಟುವ ಹಾಗಿಲ್ಲ. ಯಾಕೆ ಎಂದು ಮಕ್ಕಳು ಕೇಳಿದರೆ ‘ಕಾಗಿ ಮುಟ್ಟೇದ’ ಎಂದು ಹೇಳಿ ಬಾಯಿ ಮುಚ್ಚಿಸುವುದು ಪದ್ಧತಿ. ನಾನು ಅದನ್ನು ಪೂರಾ ನಂಬಿದ್ದೆ. ಎದುರು ಗೋಡೆಯ ಮೇಲೆ ಕೂಡುತ್ತಿದ್ದ ಕಾಗೆಗಳಲ್ಲಿ ಮುಟ್ಟುವ ಕಾಗೆ ಯಾವುದಿರಬಹುದು ಎಂದು ಸಂಶಯದಿಂದ ನೋಡುತ್ತ ನಿಲ್ಲುತ್ತಿದ್ದೆ.

ನನಗಾಗ ಏಳೆಂಟು ವರ್ಷ. ಅಮ್ಮನ ಹೊಟ್ಟೆಯಲ್ಲಿ ನನ್ನ ತಮ್ಮ. ತ್ರಾಸು ಹೆಚ್ಚಾಯಿತೆಂದು ಬಹಳ ಮೊದಲೇ ರಾಯಚೂರಿನ ತವರಿಗೆ ಹೋಗಿ ಕೂತಿದ್ದಳು. ಮನೆಯಲ್ಲಿ ಉಳಿದವರು ಅಪ್ಪ, ಅಪ್ಪನ ಅವ್ವ ಅಂದರೆ ನನ್ನ ಅಜ್ಜಿ, ಅಪ್ಪನ ತಂಗಿ ವಸುಧಾ, ಮತ್ತೆ ನಾನು. ಅಪ್ಪ ಸಿಕಂದರಾಬಾದಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ಆಫೀಸಿನಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಮನೆಯಲ್ಲಿ ಸಿಟ್ಟು, ಇವೇ ಅವನ ಮೂರು ಭಾಷೆಗಳು ಎಂದು ವಸುಧಾ ಹಿಂದಿನಿಂದ ಅಣಕಿಸುತ್ತಿದ್ದಳು. ನಾನು ವಸುಧಾಳನ್ನು ಅತ್ಯಾ ಎನ್ನುತ್ತಿದ್ದೆ. ಹುಡುಗಿಯರ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಅದನ್ನು ಮನೆಯ ಕೆಟ್ಟುಹೋದ ರೇಡಿಯೋ ಬಿಚ್ಚಿ ಜೋಡಿಸುವುದಕ್ಕೆ ಮಾತ್ರ ಬಳಸಿಕೊಂಡು ಕೂತಿದ್ದಳು. ನೌಕರಿಯ ಮಾತೆತ್ತಿದರೆ ಅಪ್ಪ ಒಂದೇ ಮಾತು ಹೇಳುತ್ತಿದ್ದ.

“ಲಗ್ನ ಆಗಲಿ. ಆಮ್ಯಾಲೆ ನಿನ್ನ ಗಂಡನ ಮನಿಯವರು ಕಳಿಸಿದ್ರ ಹೋಗು. ನನ್ನ ಕೇಳದಽ ನೌಕರಿ ಅಂತ ಹೊಸ್ತಿಲಾ ದಾಟಿದಿ ಅಂದ್ರ, ತಿರುಗಿ ಈ ಹೊಸ್ತಿಲಾ ತುಳೀಬ್ಯಾಡ.”

ಹೇಳಿದ್ದನ್ನು ಮಾಡುವ ಮನುಷ್ಯ. ಹಿಂದೊಮ್ಮೆ ಸ್ವಂತ ತಮ್ಮನ ಜೊತೆ ಮಾತು ಬಿಟ್ಟವನು ಮತ್ತೆ ಮಾತಾಡಿರಲಿಲ್ಲ. ಹೀಗಾಗಿ ಅತ್ಯಾ ಎದುರು ಮಾತಾಡುತ್ತಿರಲಿಲ್ಲ. ಆದರೆ ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಸಾಕು, ಆ ಮುಂಜಾನೆ ಅವಳನ್ನು ಕಾಗೆ ಮುಟ್ಟುತ್ತಿತ್ತು. ಹೊರಗೆ ಕೂತವಳು ಬೀಗರಾಗುವವರ ಎದುರು ಬರುವ ಹಾಗಿಲ್ಲ, ಅವಳ ಕೈಯ ಚಹಾ ಕುಡಿಯುವ ಹಾಗಿಲ್ಲ. ಬಂದವರು ಅಪಶಕುನವೆಂದು ಮುಖ ಸಿಂಡರಿಸಿ, ಅಜ್ಜಿ ಮಾಡಿದ ಉಪ್ಪಿಟ್ಟು ತಿಂದು ಎದ್ದು ಹೋಗುತ್ತಿದ್ದರು. ಅಪ್ಪನಿಗೆ ಹೆಂಗಸರ ಈ ವಿಷಯ ಬಾಯಿಂದ ಕೇಳುವುದಕ್ಕೂ ನಾಚಿಕೆ. ಅಜ್ಜಿ ಮಾತ್ರ ಒಮ್ಮೆ ಹುಣಸೆಹಣ್ಣು ಬಿಡಿಸುತ್ತ ಅಂದಿದ್ದಳು:

“ನಮ್ಮ ಮನಿ ಕಾಗಿಗೆ ಪಂಚಾಂಗ ಓದ್ಲಿಕ್ಕೆ ಬರ್ತದ ಕಾಣ್ತದ.”

ಅಮ್ಮ ಇಲ್ಲದ ಮನೆಯಲ್ಲಿ ನಾನು ಅತ್ಯಾನ ಬಾಲ. ಅವಳು ಆ ಖೋಲಿ ಸೇರಿದರೆ ನನಗೆ ಹೊತ್ತೇ ಹೋಗುತ್ತಿರಲಿಲ್ಲ. ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡ ಮೇಲೆ ಅಜ್ಜಿಯ ಶಾಸ್ತ್ರದಲ್ಲಿ ಒಂದು ಸಂದು ಸಿಕ್ಕಿತು. ಹತ್ತಿಯ ಬಟ್ಟೆಗೆ ಮೈಲಿಗೆ ಅಂಟುತ್ತದೆ, ರೇಷ್ಮೆಗೂ ಉಣ್ಣೆಗೂ ಅಂಟುವುದಿಲ್ಲ. ಆದ್ದರಿಂದ ರೇಷ್ಮೆ ಲಂಗ, ಉಣ್ಣೆಯ ಸ್ವೆಟರ್ ತೊಟ್ಟರೆ ನಾನು ಒಳಗೆ ಹೋಗಿ ಬರಬಹುದು. ಹೈದರಾಬಾದಿನ ಬೇಸಿಗೆ ಬಲ್ಲವರಿಗೆ ಇದರ ಅರ್ಥ ಗೊತ್ತು. ತಗಡು ಹೊದಿಸಿದ ಆ ಇದ್ದಲಿಯ ಗೂಡಿನಲ್ಲಿ, ನಡುಮಧ್ಯಾಹ್ನ, ಕೊರಳ ತನಕ ಗುಂಡಿ ಹಾಕಿದ ಕೆಂಪು ಸ್ವೆಟರಿನಲ್ಲಿ ನಾನು ಬೆವರಿಳಿಸುತ್ತ ಕೂಡುತ್ತಿದ್ದೆ. ಮೈಯೆಲ್ಲ ಬೆವರುಗುಳ್ಳೆ. ಬೇಡವೆಂದು ಒಂದು ದಿನವೂ ಅನಿಸಲಿಲ್ಲ.

ಯಾಕೆಂದರೆ ಒಳಗೆ ಕಾದಂಬರಿ ನಡೆಯುತ್ತಿತ್ತು. ಕಾಗದ ಮುಟ್ಟುವಂತಿಲ್ಲದ ಅತ್ಯಾ ಅದನ್ನು ಬಾಯಲ್ಲೇ ಕಟ್ಟುತ್ತಿದ್ದಳು. ಕಥೆ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಇದು ಕಾದಂಬರಿ, ಅದೂ ವೈಜ್ಞಾನಿಕ ಸಾಹಸ ಕಾದಂಬರಿ. ಪ್ರತಿ ಸಲ ಗಂಟಲು ಸರಿಮಾಡಿಕೊಂಡು, ರೇಡಿಯೋದವರ ದನಿಯಲ್ಲಿ ಅಧ್ಯಾಯದ ಹೆಸರು ಹೇಳಿಯೇ ಸುರುಮಾಡುವಳು. ಅದರಲ್ಲಿ ಅಂಬುಜಾ ಎಂಬ ಹುಡುಗಿ. ಆಕಾಶಕ್ಕೆ ಹಾರುವ ಯಂತ್ರವೊಂದರ ತಂತಿಗಳಿಗೆ ಸೋಲ್ಡರ್ ಹಾಕಲು ಒಳಗೆ ಹೋಗಿರುತ್ತಾಳೆ. ನೆರಳು ಹುಡುಕಿಕೊಂಡು ಒಂದು ಎಮ್ಮೆಯೂ ಒಳಗೆ ಬಂದು ಮಲಗಿರುತ್ತದೆ. ಹೊರಗಿನವರು ನೋಡದೆ ಬಾಗಿಲು ಹಾಕಿ ಬೆಸೆದುಬಿಡುತ್ತಾರೆ, ಯಂತ್ರ ಹಾರಿಬಿಡುತ್ತದೆ. ಆ ಬಾಗಿಲು ಒಳಗಿನಿಂದ ತೆರೆಯುವಂಥದಲ್ಲ. ಹುಡುಗಿಯೂ ಎಮ್ಮೆಯೂ ಆ ಡಬ್ಬಿಯೊಳಗೆ ಕೂತು ಶನಿಗ್ರಹದ ಕಡೆ ಹೊರಡುತ್ತಾರೆ. ಎಮ್ಮೆ ಯಾಕೆ ಎಂದು ನಾನು ಕೇಳಿದ್ದೆ. ಹುಲಿಯನ್ನೋ ಕುದುರೆಯನ್ನೋ ಕರೆದುಕೊಂಡು ಹೋಗಬಹುದಾಗಿತ್ತು.

“ಹುಲಿ ಕೈಯಾಗ ಚಹಾಕ್ಕ ಹಾಲು ಯಾರು ಕೇಳ್ಬೇಕು?” ಎಂದಳು ಅತ್ಯಾ.

ನಿಜವಾದ ಕಾರಣ ಕಿಟಕಿಯಾಚೆ ಇತ್ತು. ನಮ್ಮ ಅಂಗಳದ ಹಿಂದೆ ಎಮ್ಮೆಗಳ ತಬೇಲಾ. ಸರಳಿನ ಆಚೆಯಿಂದ ಒಂದು ಎಮ್ಮೆ ಇಡೀ ದಿನ ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿತ್ತು. ಅಲ್ಲಿ ಕೂತ ಹೆಂಗಸಿಗೆ ಕಾಣುವ ಮುಖ ಅದೊಂದೇ. ತಬೇಲಾದ ಖಾಜಾಬಿ ಅದಕ್ಕೆ ಬಿಜಲೀ, ಅಂದರೆ ಮಿಂಚು, ಎಂದು ಹೆಸರಿಟ್ಟಿದ್ದಳು; ಅದರಷ್ಟು ನಿಧಾನದ ಎಮ್ಮೆ ಇಡೀ ಸಿಕಂದರಾಬಾದಿನಲ್ಲಿ ಇರಲಿಲ್ಲ. ಖಾಜಾಬಿ ಅದನ್ನು ಬೈಯುತ್ತಿದ್ದ ದಖನಿ ಉರ್ದುವೇ ಕಾದಂಬರಿಯ ಎಮ್ಮೆಯ ಭಾಷೆಯೂ ಆಯಿತು. ಡಬ್ಬಿಯ ಫ್ಯೂಸ್ ಹಾರಿ ಅಂಬುಜಾ ಅಳುತ್ತ ಕೂತರೆ ಬಿಜಲೀ ದಪ್ಪ ದನಿಯಲ್ಲಿ, “ಕೈಕು ರೋರೀ? ಪಹಲೇ ಚಾ ಪೀ!” ಎನ್ನುತ್ತಿತ್ತು, ಯಾಕೆ ಅಳುತ್ತೀ, ಮೊದಲು ಚಹಾ ಕುಡಿ ಎಂದು. ಅಂಬುಜಾಳ ಮಾತು ಅತ್ಯಾನದು, ಎಮ್ಮೆಯ ಮಾತು ನನ್ನದು. ಎಮ್ಮೆ ಏನು ಅನ್ನಬೇಕೆಂದು ನಾನೇ ಯೋಚಿಸಬೇಕಾಗಿತ್ತು. ನನ್ನ ಮಾತಿಗೆ ಒಬ್ಬ ದೊಡ್ಡವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಬದುಕಿನಲ್ಲಿ ಅದೇ ಮೊದಲು. ಆ ಸುಖವನ್ನು ಯಾವ ಹೋಳಿಗೆಯೂ ಕೊಟ್ಟಿರಲಿಲ್ಲ.

ಅರ್ಧ ಮುಚ್ಚಿದ ಬಾಗಿಲಾಚೆ, ಅಡುಗೆಮನೆಯ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತ ಅಜ್ಜಿ ಕೂತಿರುತ್ತಿದ್ದಳು. ಅವಳ ಕಿವಿ ಇತ್ತ ಇದೆಯೆಂದು ನಮಗೆ ತಿಳಿದದ್ದು ಅವಳು ತಡೆಯಲಾರದೆ ಮಾತಾಡಿದ ದಿನ.

“ಅಲ್ಲಾ, ಎಲ್ಲಾ ಬಿಟ್ಟು ಆ ಶನಿ ಕಡೆ ಯಾಕ ಹೊಂಟ್ರಿ? ಮನ್ಯಾಗ ಕೂತು ಅವನ ಹೆಸರು ತಗೋಬಾರದು. ಗುರು ಕಡೆ ತಿರುಗಸ್ರಿ. ಗುರುಬಲ ಬಂದ್ರ ಲಗ್ನರೆ ಆಗ್ತದ.”

“ಅದಕ್ಕಽ ಆ ಗುರೂನ್ನ ತಪ್ಪಿಸಿಕೊಂಡು ಹೊಂಟೀವಿ ಅವ್ವಾ,” ಎಂದು ಅತ್ಯಾ ಒಳಗಿನಿಂದಲೇ ಕೂಗಿದಳು.

ಶನಿಯನ್ನು ಸುತ್ತುವರಿದ ಬಳೆಯ ಮೇಲೆ ಡಬ್ಬಿ ಇಳಿಯಿತು. ಅಲ್ಲಿಯ ಜನ ಬಳೆಯ ಮೇಲೆಯೇ ಸುತ್ತುತ್ತಾರೆ, ಕೆಳಗಿಳಿಯಲು ಯಾರಿಗೂ ಪರವಾನಗಿ ಇಲ್ಲ. ಒಳಗೆ ಬಂದವರಿಂದ ಸುಂಕವೆಂದು ಏನಾದರೂ ಒಂದನ್ನು ಕಿತ್ತುಕೊಳ್ಳುತ್ತಾರೆ. ಬಿಜಲೀಯಿಂದ ಅವರು ದನಿಯನ್ನೇ ಜಪ್ತಿ ಮಾಡಿದರು. ಅತ್ಯಾ ಅಲ್ಲಿಗೆ ಅಧ್ಯಾಯ ಮುಗಿಸಿ ಮೂರನೆಯ ದಿನ ಎದ್ದುಹೋದಳು. ನನ್ನ ಮಾತನ್ನೇ ಕಿತ್ತುಕೊಂಡಳಲ್ಲ ಎಂದು ನಾನು ತಿಂಗಳಿಡೀ ಮುಖ ಊದಿಸಿಕೊಂಡಿದ್ದೆ.

ಮುಂದಿನ ಕಾಗೆ ಮುಟ್ಟಿದ್ದು ಬೇಸಿಗೆಯ ರಜೆಯಲ್ಲಿ. ಗುಲಬರ್ಗಾದಿಂದ ಹೆಣ್ಣು ನೋಡಲು ಬರುವವರಿದ್ದರು. ನೌಕರಿಗೆ ಕಳಿಸುವ ಮಾತೇ ಇಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದ ಜನ. ಈ ಸಲ ಅವರು ಬರುವ ಹಿಂದಿನ ದಿನವೇ ಅತ್ಯಾ ಖೋಲಿ ಸೇರಿದಳು. ನಾನು ಸ್ವೆಟರ್ ತೊಟ್ಟು ಹೋದರೆ ಅವಳು ಚಾಪೆಯ ಮೇಲೆ ಇರಲಿಲ್ಲ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಾಗಿಲ ಹಿಂದೆ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಬಾಲಾನಗರದಲ್ಲಿ ವಿಮಾನದ ಮೀಟರುಗಳನ್ನು ಜೋಡಿಸುವ ಕಾರ್ಖಾನೆಯೊಂದಿದೆ, ಅಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ, ಕೈಕೆಲಸದ ಪರೀಕ್ಷೆ ಇವತ್ತೇ, ಪಾಲಿಟೆಕ್ನಿಕ್ಕಿನ ಗೆಳತಿ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಾಳೆ ಎಂದು ಪಿಸುಗುಟ್ಟಿದಳು. ನನ್ನ ಎರಡೂ ಭುಜ ಹಿಡಿದಳು.

“ಅಜ್ಜಿ ದೇವರ ಪೂಜಾ ಮುಗಿಸಿ ಕಟ್ಟಿ ಮ್ಯಾಲೆ ಬಂದು ಕೂತಳು ಅಂದ್ರ ಕಾದಂಬರಿ ಸುರು ಮಾಡು. ಅಂಬುಜಾನೂ ನೀನಽ, ಬಿಜಲೀನೂ ನೀನಽ. ಇಬ್ಬರು ಮಾತಾಡಿಧಂಗ ಕೇಳ್ಬೇಕು. ನಾ ಬರೋತನಕ ನಿಲ್ಲಸಬ್ಯಾಡ. ನಿಂತ್ರ ನಾ ಸತ್ತೆ ಅಂತ ತಿಳಿ.”

ಅಂಗಳದ ಹಿಂದಿನ ಬಾಗಿಲು ತೆರೆದು, ತಬೇಲಾದ ಸೆಗಣಿಯ ನಡುವೆ ಸೀರೆ ಎತ್ತಿ ಹಿಡಿದುಕೊಂಡು ಅವಳು ಹೋದದ್ದನ್ನು ಕಿಟಕಿಯಿಂದ ನೋಡಿದೆ. ತಿರುಗಿ ನೋಡಿದರೆ ಖೋಲಿ ಎಂದಿಗಿಂತ ಸಣ್ಣದಾಗಿತ್ತು. ಅದುವರೆಗೆ ಅದು ನನಗೆ ಆಟದ ಜಾಗ. ಆ ಕ್ಷಣ ನಾನು ನಿಜವಾಗಿಯೂ ಸಿಕ್ಕಿಬಿದ್ದಿದ್ದೆ. ಹೊರಗೆ ಬಂದರೆ ಅತ್ಯಾ ಹಾಳಾಗುತ್ತಾಳೆ, ಒಳಗೆ ಸುಮ್ಮನಿದ್ದರೂ ಹಾಳಾಗುತ್ತಾಳೆ. ಅಜ್ಜಿ ಮುತ್ತುಗದ ಎಲೆಯಲ್ಲಿ ಅತ್ಯಾನ ಊಟ ತಂದು ಹೊಸ್ತಿಲಾಚೆಯಿಂದ, ಮುಖ ಅತ್ತ ತಿರುಗಿಸಿಕೊಂಡೇ, ಕೋಲಿನಿಂದ ಒಳಗೆ ಸರಿಸಿದಳು. ಅನ್ನ, ಸಾರು, ಬದನೆಕಾಯಿ ಪಲ್ಯ. ನಾನು ಎಲೆಯ ಸಮೇತ ಕಿಟಕಿಗೆ ಒಯ್ದೆ. ಬಿಜಲೀ ನಾಲಗೆ ಚಾಚಿ, ಎಲೆಯನ್ನೂ ಬಿಡದೆ ಎಲ್ಲವನ್ನೂ ಮುಗಿಸಿತು. ಆಮೇಲೆ ಮೊರದ ಸಪ್ಪಳ ಕೇಳಿಸಿತು. ನಾನು ಗಂಟಲು ಸರಿಮಾಡಿಕೊಂಡೆ.

ಮೊದಮೊದಲು ಅಂಬುಜಾಳ ದನಿ ಕೀರಲಾಗಿ ಬಂತು. ಬಳೆಯ ಮೇಲಿನ ಪಹರೆಯವರಿಂದ ಅವಳನ್ನು ಬೆನ್ನಟ್ಟಿಸಿದೆ, ಡಬ್ಬಿಗೆ ಬೆಂಕಿ ಹಚ್ಚಿಸಿದೆ, ಆರಿಸಿದೆ. ಅಂಬುಜಾ ಕೇಳುವುದು, ಬಿಜಲೀ ಉತ್ತರ ಹೇಳುವುದು. ಗಂಟಲು ಒಣಗಿತು. ಸ್ವೆಟರಿನೊಳಗೆ ನೀರಿಳಿಯುತ್ತಿತ್ತು. ತೆಗೆಯಲು ಧೈರ್ಯವಿಲ್ಲ, ಅಜ್ಜಿ ಇಣುಕಿದರೆ? ಕಥೆ ಮುಗಿಯುತ್ತ ಬಂದರೆ ಹೊಸದೊಂದು ಆಪತ್ತು ತರಬೇಕು, ಅದು ತೀರುವ ಮೊದಲು ಇನ್ನೊಂದು. ಸುಮ್ಮನಾಗುವ ಭಯವೊಂದೇ ನನ್ನಿಂದ ಮಾತಾಡಿಸುತ್ತಿತ್ತು. ಇಂದಿಗೂ ಬರೆಯಲು ಕೂತಾಗ ನನ್ನಿಂದ ಬರೆಸುವುದು ಅದೇ ಭಯ. ಮೊರದ ಸಪ್ಪಳ ನಿಂತಿತು.

“ಏ ಹುಡುಗಿ,” ಎಂದಳು ಅಜ್ಜಿ. “ಆ ಎಮ್ಮಿ ದನಿ ಹೋದ ತಿಂಗಳಽ ಜಪ್ತಾಗಿತ್ತಲ್ಲಾ? ಈಗ ಹೆಂಗ ಮಾತಾಡ್ತದ?”

ಅತ್ಯಾನಿಗೂ ಅದು ನೆನಪಿರಲಿಲ್ಲ, ನನಗೂ ಇರಲಿಲ್ಲ. ತಿಂಗಳಿಡೀ ಮುನಿಸಿಕೊಂಡಿದ್ದವಳೇ ಮರೆತಿದ್ದೆ.

“ತಿರುಗಿ... ತಿರುಗಿ ಕೊಟ್ರು ಅಜ್ಜಿ.”

“ಯಾವಾಗ ಕೊಟ್ರು? ನಾ ಇಲ್ಲೇ ಕೂತೀನಿ, ಕೇಳಲಿಲ್ಲ. ವಸೂ ಇಂಥಾ ತಪ್ಪು ಮಾಡೂದಿಲ್ಲ. ವಸೂ, ಏನವಾ, ಯಾಕ ಸುಮ್ಮನ ಅದಿ?”

ಕಟ್ಟೆಯಿಂದ ಎದ್ದು ಬರುವ ಕಾಲಿನ ಸಪ್ಪಳ ಬಾಗಿಲ ತನಕ ಬಂದು ನಿಂತಿತು. ಮಡಿಯಲ್ಲಿದ್ದ ಅಜ್ಜಿ ಬಾಗಿಲು ಮುಟ್ಟುವಂತಿರಲಿಲ್ಲ. ಸಂದಿನಲ್ಲಿ ಒಂದು ಕಣ್ಣು ಕಂಡಿತು. ಆ ಕಣ್ಣು ಚಾಪೆ ನೋಡಿತು, ಮೂಲೆ ನೋಡಿತು, ಕೆಂಪು ಸ್ವೆಟರಿನಲ್ಲಿ ಅಳು ನುಂಗುತ್ತ ನಿಂತ ನನ್ನನ್ನು ನೋಡಿತು. ಅಷ್ಟರಲ್ಲಿ ಮುಂಬಾಗಿಲಿನಲ್ಲಿ ಸೈಕಲ್ ನಿಲ್ಲಿಸಿದ ಸದ್ದಾಯಿತು. ಅಪ್ಪ ಆ ದಿನ ಬೇಗ ಬಂದಿದ್ದ.

“ವಸೂ ಎಲ್ಲೆ ಅದಾಳ? ಗುಲಬರ್ಗಾದವರು ಬಂದಾರ, ಸಿಕಂದರಾಬಾದದಾಗ ಅವರ ಬೀಗರ ಮನ್ಯಾಗ ಇಳದಾರ. ನಾಳೆ ಮುಂಜಾನೆ ಬರ್ತಾರ. ಈ ಸಲ ಕಾಗಿ ಗೀಗಿ ನಡ್ಯೂದಿಲ್ಲ ಅಂತ ಹೇಳ್ಬೇಕು ಆಕಿಗೆ.” ಅವನ ದನಿ ಅಂಗಳಕ್ಕೆ ಬರುತ್ತಿತ್ತು.

ಎಲ್ಲ ಮುಗಿಯಿತು ಅನಿಸಿತು. ಆಗ ಅಜ್ಜಿ, ಸಂದಿನಿಂದ ಕಣ್ಣು ತೆಗೆಯದೆ, ತುಟಿ ಮಾತ್ರ ಅಲ್ಲಾಡಿಸಿದಳು.

“ಹೇಳ್ತಾ ಇರು. ನಿಲ್ಲಸಬ್ಯಾಡ.”

ನಾನು ಸುರುಮಾಡಿದೆ. ಏನು ಹೇಳಿದೆನೋ ದೇವರಿಗೆ ಗೊತ್ತು. ಈ ಸಲ ಅಂಬುಜಾಳ ದನಿ ಕೀರಲಾಗಿರಲಿಲ್ಲ; ಅತ್ಯಾ ಹೇಗೆ ಮಾತಿನ ಕೊನೆಯನ್ನು ಎಳೆಯುತ್ತಿದ್ದಳೋ ಹಾಗೆಯೇ ಎಳೆದೆ. ಅಜ್ಜಿ ಬಾಗಿಲಿಗೆ ಬೆನ್ನು ಮಾಡಿ, ಅಂಗಳದ ನಡುವೆ ಮಡಿನೀರಿನ ಕೊಡ ಇಟ್ಟುಕೊಂಡು ಕೂತಳು.

“ಅಲ್ಲೇ ನಿಲ್ಲು. ಆಫೀಸಿನ ಅರಿವಿ, ಹತ್ತು ಮಂದೀನ್ನ ಮುಟ್ಟಿ ಬಂದೀ. ನನ್ನ ನೀರಿನ ಮ್ಯಾಲೆ ನೆರಳು ಬಿದ್ರ ಮತ್ತ ನಾನಽ ಸೇದಬೇಕು. ಆಕಿ ಒಳಗ ಅದಾಳ, ಕೇಳಸ್ವಲ್ದೇನು?”

ಅಪ್ಪ ಅಡುಗೆಮನೆಯ ಬಾಗಿಲಿನಲ್ಲೇ ನಿಂತು ಕೇಳಿಸಿಕೊಂಡ. ಒಳಗೆ ಎಮ್ಮೆ ಹುಡುಗಿಗೆ ಧೈರ್ಯ ಹೇಳುತ್ತಿತ್ತು, ಹುಡುಗಿ ಎಮ್ಮೆಗೆ ದಾರಿ ಹೇಳುತ್ತಿದ್ದಳು.

“ಲಗ್ನದ ವಯಸ್ಸಿನಾಗ ಎಮ್ಮಿ ಕಥಿ ಹೇಳ್ಕೋತ ಕೂತಾಳ,” ಎಂದು ಬೈದುಕೊಂಡು, ಚಹಾ ಕುಡಿಯಲು ಸ್ಟೇಷನ್ನಿನ ಹೋಟೆಲಿಗೆ ಹೋದ.

ಬಿಸಿಲು ಅಂಗಳ ಬಿಟ್ಟ ಮೇಲೆ ಅತ್ಯಾ ತಬೇಲಾದ ಕಡೆಯಿಂದ ಬಂದಳು. ಅಷ್ಟರಲ್ಲಿ ನನ್ನ ಬಾಯಿಂದ ಎಲ್ಲವನ್ನೂ ಹೊರಡಿಸಿಕೊಂಡಿದ್ದ ಅಜ್ಜಿ ಇನ್ನೂ ಅಲ್ಲೇ ಕೂತಿದ್ದಳು. ಹಿಂದಿನ ಬಾಗಿಲಿನಲ್ಲಿ ಅತ್ಯಾ, ಅಂಗಳದಲ್ಲಿ ಅಜ್ಜಿ, ಖೋಲಿಯೊಳಗೆ ನಾನು. ಆಮೇಲೆ ಅಜ್ಜಿ ಎದ್ದು, ಆ ಮಡಿನೀರಿನ ಕೊಡವನ್ನೇ ಎತ್ತಿ, ಇಸ್ತ್ರಿ ಸೀರೆಯ ಸಮೇತ ಅವಳ ತಲೆಯ ಮೇಲೆ ಸುರಿದಳು.

“ಖರೇ ಕೂತಿದ್ದಿಯೋ ಸುಳ್ಳೋ ನನಗ ಬ್ಯಾಡ. ಇಡೀ ಊರಿನ ಬಸ್ಸು ಮುಟ್ಟಿ ಬಂದೀ. ಒಳಗ ಹೋಗಿ ಕೂಡು.” ಕೊಡ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದಳು, “ತಗೊಂಡ್ರೋ ಇಲ್ಲೋ?”

ತಗೊಂಡರೆಂದು ಅತ್ಯಾ ತಲೆಯಾಡಿಸಿದಳು. ನೀರು ಇಳಿಯುತ್ತಿದ್ದ ಮುಖದಲ್ಲಿ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ನಾನಂತೂ ಸ್ವೆಟರ್ ಕಿತ್ತೆಸೆದು ಜೋರಾಗಿ ಅತ್ತುಬಿಟ್ಟೆ.

ಮರುದಿನ ಗುಲಬರ್ಗಾದವರು ಉಪ್ಪಿಟ್ಟು ತಿಂದು ಹೋದರು. ಕಾರ್ಖಾನೆಯಿಂದ ಕರೆ ಬಂದಾಗ ಅಪ್ಪ ಮನೆಯ ಚಾವಣಿ ಹಾರಿಹೋಗುವಂತೆ ಕೂಗಾಡಿದ. ಅಜ್ಜಿ ಜಪಮಣಿ ತಿರುಗಿಸುತ್ತ, ವಸೂಗೆ ಸಾಡೇಸಾತಿ ಸುರುವಾಗಿದೆ, ಶನಿ ಬಿಡುವ ತನಕ ಯಾವ ಲಗ್ನವೂ ನೆಟ್ಟಗಾಗುವುದಿಲ್ಲ, ಅಲ್ಲಿಯ ತನಕ ದುಡಿಯಲಿ ಎಂದು ತೀರ್ಪು ಕೊಟ್ಟಳು. ದೇವರು ದಿಂಡರ ಮಾತಿಗೆ ಅಪ್ಪ ಎದುರಾಡಲಾರ. ಅತ್ಯಾನ ಜೊತೆ ಮಾತು ಮಾತ್ರ ಬಿಟ್ಟ. ಅವಳು ದಿನಾ ಮುಂಜಾನೆ ಡಬ್ಬಿ ಕಟ್ಟಿಕೊಂಡು ಬಾಲಾನಗರದ ಬಸ್ಸು ಹತ್ತಿದಳು. ಅಂದಿನಿಂದ ಅವಳನ್ನು ಕಾಗೆ ಒಮ್ಮೆಯೂ ಮುಟ್ಟಲಿಲ್ಲ. ಮೊದಲು ಇಲ್ಲದ್ದನ್ನು ಇದೆ ಎನ್ನುತ್ತಿದ್ದವಳು ಈಗ ಇದ್ದದ್ದನ್ನು ಇಲ್ಲ ಎನ್ನತೊಡಗಿದ್ದಳು. ತಿಂಗಳಿಗೆ ಮೂರು ದಿನ ರಜೆ ಯಾವ ಕಾರ್ಖಾನೆ ಕೊಡುತ್ತದೆ? ಅಜ್ಜಿ ಕೇಳಲಿಲ್ಲ. ಅಮ್ಮ ತಮ್ಮನನ್ನು ಎತ್ತಿಕೊಂಡು ತಿರುಗಿ ಬಂದಳು. ಕಾದಂಬರಿ ಶನಿಯ ಬಳೆಯ ಮೇಲೆಯೇ ನಿಂತುಹೋಯಿತು. ಭಾನುವಾರ ಕೇಳಿದರೆ ಅತ್ಯಾ, “ಕಣ್ಣು ಉರೀತಾವ ಪುಟ್ಟಿ, ವಾರ ಪೂರಾ ಸಣ್ಣ ತಂತಿ ನೋಡೀನಿ,” ಎಂದು ಮಲಗಿಬಿಡುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಆ ಖೋಲಿಗೆ ನನ್ನ ಸರದಿ ಬಂತು. ಕಾಗೆಯ ಸುಳ್ಳು ಅಂದು ಹರಿಯಿತು. ಅತ್ಯಾ ಇದ್ದಾಗ ಅಲ್ಲಿ ಇಬ್ಬರಿದ್ದೆವು, ಈಗ ನಾನೊಬ್ಬಳೇ. ಶಾಲೆಗೆ ಹೋಗುವಂತಿಲ್ಲ, ಪುಸ್ತಕ ಹಿಡಿಯುವಂತಿಲ್ಲ. ಸ್ವೆಟರ್ ತೊಟ್ಟು ಬಾ ಎಂದು ತಮ್ಮನನ್ನು ಕರೆದರೆ ಅವನು ಗೋಲಿ ಆಡಲು ಓಡಿದ. ತಬೇಲಾವನ್ನು ಯಾರೋ ಕೊಂಡು ಅಲ್ಲಿ ಗೋಡೆ ಎಬ್ಬಿಸಿದ್ದರು. ಕಿಟಕಿಯಾಚೆ ಸಿಮೆಂಟ್ ಬಿಟ್ಟು ಏನೂ ಇರಲಿಲ್ಲ. ಎರಡನೆಯ ದಿನದ ಮುಂಜಾನೆ ನನಗೆ ಉಸಿರು ಕಟ್ಟಿದಂತಾಯಿತು. ಬಚ್ಚಲಿನಿಂದ ಮುಖ ಒರೆಸಿಕೊಳ್ಳುತ್ತ ಅತ್ಯಾ ಅಂಗಳ ದಾಟುತ್ತಿದ್ದಳು. ನಾನು ಬಾಗಿಲ ಸಂದಿನಿಂದ ಕರೆದೆ.

“ಅತ್ಯಾ, ಅಂಬುಜಾ ಆ ಬಳೀ ಮ್ಯಾಲಿಂದ ಹೆಂಗ ಇಳದಳು? ಅದೊಂದು ಹೇಳಿ ಹೋಗು.”

ಅವಳು ನಿಂತಳು. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು, ಹಣೆ ಗಂಟಿಕ್ಕಿತು. ಆಮೇಲೆ ಅವಳ ಮುಖದಲ್ಲಿ ಒಂದು ಥರದ ನಾಚಿಕೆ ಬಂತು.

“ನೆನಪಽ ಬರವಲ್ದು ನೋಡು ಪುಟ್ಟಿ. ನಾ ಅಲ್ಲಿಂದ ಎದ್ದು ಬಂದಮ್ಯಾಲೆ ಆ ಹುಡುಗಿ ನನಗ ಬೇಕಾಗಲೇ ಇಲ್ಲ.” ಗಡಿಯಾರ ನೋಡಿಕೊಂಡಳು. “ಬಸ್ಸು ಹೋಗ್ತದ. ನಿನಗ ಬೇಕಂದ್ರ ನೀನಽ ಇಳಸು.”

ಅವಳ ಚಪ್ಪಲಿಯ ಸಪ್ಪಳ ಪಡಸಾಲೆ ದಾಟಿ ಓಣಿಗೆ ಇಳಿಯಿತು. ನಾನು ಚಾಪೆಯ ಮೇಲೆ ಕೂತೆ. ಗಂಟಲು ಸರಿಮಾಡಿಕೊಂಡು, ಕೇಳುವವರು ಯಾರೂ ಇಲ್ಲದ ಆ ಖೋಲಿಯಲ್ಲಿ, ಅಧ್ಯಾಯದ ಹೆಸರು ಹೇಳಿದೆ.